ಗೆರೆಗೆ ನಿಂತ ನೀರು

ಯಾರಾದರೂ ಏನಾದರೂ ಕೇಳಿದರೆ ನಡುಮನೆಯಾಕೆ ಮೊದಲು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಊಟ ಆಯಿತಾ ಎಂದರೂ ಅಷ್ಟೇ, ಉಪ್ಪು ಇದೆಯಾ ಎಂದರೂ ಅಷ್ಟೇ. ಅಂಗೈಗಳನ್ನು ಒಂದರ ಪಕ್ಕ ಒಂದಿಟ್ಟು, ಯಾರೋ ಅಲ್ಲಿ ಉತ್ತರ ಇಟ್ಟು ಹೋಗಿದ್ದಾರೇನೋ ಎಂಬಂತೆ ನೋಡಿ, ಆಮೇಲೆ ಕೈಗಳನ್ನು ಸೆರಗಿನೊಳಗೆ ಮರೆಮಾಡಿ, ಆಮೇಲೆ ಹೌದು ಅನ್ನುತ್ತಿದ್ದಳು, ಇಲ್ಲವೇ ಇಲ್ಲ ಅನ್ನುತ್ತಿದ್ದಳು. ಬೇರೆ ಊರಾಗಿದ್ದರೆ ಇದನ್ನು ಯಾರೂ ಗಮನಿಸುತ್ತಿರಲಿಲ್ಲವೇನೋ. ಆ ಊರಿನಲ್ಲಿ ಮಾತ್ರ ಕೇಳಿದ್ದಕ್ಕೂ ಹೇಳಿದ್ದಕ್ಕೂ ನಡುವೆ ಜಾಗ ಬಿಡುವುದು ನಾಚಿಕೆಯ ವಿಷಯವಾಗಿತ್ತು.

ಆ ಊರಿಗೆ ಇದ್ದದ್ದು ಒಂದೇ ಬೀದಿ. ಮೇಲೆ ಕೆರೆ, ಕೆಳಗೆ ಹೊಳೆ. ಕೆರೆಯ ಏರಿಯಿಂದ ಹೊಳೆಯ ಕಡವಿನವರೆಗೆ ಇಳಿಜಾರಿನಲ್ಲಿ ಒಂದರ ಕೆಳಗೊಂದು ಮನೆ. ಸಾಲಿನ ನಡುವಿನದು ನಡುಮನೆಯಾಕೆಯದು. ಬೀದಿಯ ಒಂದು ಮಗ್ಗುಲಿಗೆ ಕಾಲುವೆ, ಇನ್ನೊಂದು ಮಗ್ಗುಲಿಗೆ ಮೋರಿ. ಪ್ರತಿ ಮನೆಯ ಮುಂದೆ ಕಲ್ಲಿನ ತೊಟ್ಟಿ. ಪ್ರತಿ ತೊಟ್ಟಿಗೂ ಎರಡು ತೂಬು. ಮೇಲ್ತೂಬು ಕಾಲುವೆಯ ನೀರನ್ನು ಒಳಗೆ ಬಿಡುತ್ತಿತ್ತು, ಕೆಳತೂಬು ಒಳಗಿನ ನೀರನ್ನು ಮೋರಿಗೆ ಬಿಡುತ್ತಿತ್ತು. ತೊಟ್ಟಿಯ ಒಳಗೋಡೆಗೆ ನಡುಮಧ್ಯದಲ್ಲಿ ಕೆಮ್ಮಣ್ಣಿನ ಗೆರೆ ಎಳೆದಿರುತ್ತಿತ್ತು. ನೀರು ಗೆರೆಗಿಂತ ಎತ್ತರಕ್ಕಿದ್ದರೆ ತೊಟ್ಟಿ ತುಂಬಿದೆ ಎಂದು ಅರ್ಥ. ಗೆರೆಗಿಂತ ತಗ್ಗಿನಲ್ಲಿದ್ದರೆ ಬರಿದು ಎಂದು ಅರ್ಥ. ಗೆರೆಗೇ ಸರಿಯಾಗಿ ನಿಂತ ನೀರಿಗೆ ಆ ಊರಿನ ಮಾತಿನಲ್ಲಿ ಹೆಸರಿರಲಿಲ್ಲ.

ಊರಿನ ಕಟ್ಟಳೆ ಒಂದೇ. ಮೇಲಿನ ಮನೆಯ ತೊಟ್ಟಿ ಏನಾಗಿದೆಯೋ ನಿನ್ನ ತೊಟ್ಟಿ ಅದಾಗಬಾರದು. ಮೇಲೆ ತುಂಬಿದರೆ ನೀನು ಬರಿದು ಮಾಡು. ಮೇಲೆ ಬರಿದಾದರೆ ನೀನು ತುಂಬು. ಮೇಲಿನ ತೊಟ್ಟಿಯೊಳಗೆ ಇಣುಕಲು ಪ್ರತಿ ಜಗಲಿಯ ಮುಂದೆ ಒಂದು ಕಲ್ಲು ನೆಟ್ಟಿದ್ದರು. ಅದಕ್ಕೆ ನೋಟದ ಕಲ್ಲು ಎಂದು ಹೆಸರು. ಹೆಂಗಸರು ಅದನ್ನು ಹತ್ತಿ ನಿಂತು ನೋಡುತ್ತಿದ್ದರು, ನೋಡಿದ್ದಕ್ಕೆ ಎದುರಾದದ್ದನ್ನು ಮಾಡುತ್ತಿದ್ದರು. ಗಂಡಸರಿಗೆ ಕಾಲುವೆಯ ಹೂಳೆತ್ತುವ ಕೆಲಸ. ತೂಬಿನ ಹಿಡಿ ಹೆಂಗಸರದು.

ಎಲ್ಲಕ್ಕೂ ಮೇಲೆ, ಕೆರೆಯ ಏರಿಯ ಹತ್ತಿರ, ನೀರಗಂಟಿಯ ತೊಟ್ಟಿ. ಕೆರೆಯ ದೊಡ್ಡ ತೂಬನ್ನು ಎತ್ತಿ ಹೊಳೆಗೆ ನೀರು ಬಿಡುವ ಮೊದಲು ಅವನು ತನ್ನ ತೊಟ್ಟಿಯನ್ನು ಬದಲಿಸುತ್ತಿದ್ದ, ನೀರು ನಿಲ್ಲಿಸಿದ ಮೇಲೆ ಮತ್ತೆ ಬದಲಿಸುತ್ತಿದ್ದ. ಅದನ್ನು ಕಂಡು ಕೆಳಗಿನ ಮನೆ, ಅದನ್ನು ಕಂಡು ಅದರ ಕೆಳಗಿನ ಮನೆ, ಹೀಗೆ ಬದಲು ಬೀದಿಯುದ್ದಕ್ಕೂ ಇಳಿಯುತ್ತಿತ್ತು. ಹೌದು ಎಂಬುದು ಮುಂದಿನ ಮನೆಯಲ್ಲಿ ಇಲ್ಲವಾಗಿ, ಅದರ ಮುಂದಿನ ಮನೆಯಲ್ಲಿ ಮತ್ತೆ ಹೌದಾಗಿ, ಕೊನೆಗೆ ಕಡವಿನವನ ಮನೆ ಮುಟ್ಟುತ್ತಿತ್ತು. ಅವನ ತೊಟ್ಟಿ ತುಂಬಿದ್ದರೆ ಜನ ಹೊಳೆ ದಾಟಬಹುದು. ಬರಿದಾಯಿತೋ, ಹೊಳೆಗೆ ನೀರು ಬರುತ್ತಿದೆ ಎಂದು ಅರ್ಥ, ಯಾರೂ ದಾಟಬಾರದು. ನಡುವಿನ ಯಾವ ಮನೆಗೂ ತಾನು ಹೇಳುತ್ತಿರುವುದು ಬಾ ಎಂದೋ ಬೇಡ ಎಂದೋ ಗೊತ್ತಿರಲಿಲ್ಲ. ಮೇಲಿನವರ ಹಾಗಿರಬಾರದು ಎಂಬುದಷ್ಟೇ ಗೊತ್ತಿತ್ತು. ಅಷ್ಟು ಸಾಕಾಗಿತ್ತು.

ಆದರೆ ತುಂಬಿದ್ದು ಬರಿದಾಗಬೇಕಾದರೆ, ಬರಿದಾದದ್ದು ತುಂಬಬೇಕಾದರೆ, ನಡುವೆ ಒಂದು ಹೊತ್ತು ಇದ್ದೇ ಇರುತ್ತದೆ. ಒಂದು ತೂಬು ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ, ಇನ್ನೊಂದು ಆಗಲೇ ತೆರೆದಿರುತ್ತದೆ. ಆಗ ಕಾಲುವೆಯ ನೀರು ಒಂದು ಕಡೆಯಿಂದ ತೊಟ್ಟಿಗೆ ಬಂದು, ಅಲ್ಲಿ ನಿಲ್ಲದೆ, ಇನ್ನೊಂದು ಕಡೆಯಿಂದ ಮೋರಿಗೆ ಸುರಿದುಹೋಗುತ್ತದೆ. ಆ ನೀರು ಯಾರ ಬಾಯಾರಿಕೆಗೂ ಇಲ್ಲ, ಯಾವ ಸುದ್ದಿಗೂ ಇಲ್ಲ. ಮೋರಿಯ ಕಲ್ಲಿಗೆ ಬಡಿದು ಭೋರ್ ಎಂದು ಸದ್ದು ಮಾಡುತ್ತದೆ. ಆ ಸದ್ದು ಊರಿನ ನಾಚಿಕೆ.

ಆದ್ದರಿಂದ ಮೇಲಿನ ತೊಟ್ಟಿಯ ನೀರು ಅಲುಗಿದ್ದು ಕಂಡ ಕೂಡಲೇ ಕೆಳಗಿನವಳು ಸೆರಗಿನಿಂದ ಕಣ್ಣು ಮುಚ್ಚಿಕೊಳ್ಳಬೇಕು. ಬದಲಾಗುತ್ತಿರುವವರನ್ನು ನೋಡಬಾರದು. ಕಣ್ಣು ಮುಚ್ಚಿಕೊಂಡೇ ತನ್ನ ತೂಬುಗಳನ್ನು ಮುಚ್ಚಿ ತೆರೆದು ಮುಗಿಸಬೇಕು, ಸದ್ದು ನಿಂತ ಮೇಲೆ ಕಣ್ಣು ಬಿಡಬೇಕು. ಬೀದಿಯಲ್ಲಿ ಹೋಗುವವರು ಗೋಡೆಯ ಕಡೆ ತಿರುಗಿ ನಿಲ್ಲಬೇಕು. ಹೊಸದಾಗಿ ಬಂದ ಸೊಸೆಯ ಕೈ ಹೇಗೆ ಎಂದು ಆ ಸದ್ದಿನಿಂದಲೇ ಅಳೆಯುತ್ತಿದ್ದರು. ನಡುಮನೆಯಾಕೆ ಸೊಸೆಯಾಗಿ ಬಂದಾಗ, "ಇವಳ ತೂಬಿನ ಸದ್ದು ಶುರುವಾದಾಗ ಅಕ್ಕಿ ಹಾಕಿದ್ರೆ, ನಿಲ್ಲೋದರೊಳಗೆ ಗಂಜಿ ಬಸೀಬಹುದು ಕಣ್ರೇ" ಎಂದು ಬೀದಿಯೆಲ್ಲ ನಕ್ಕಿತ್ತು. ಅವಳೂ ಜೊತೆಗೆ ನಕ್ಕಿದ್ದಳು. ಒಳಗೆ ಹೋಗಿ ಬಾಗಿಲ ಹಿಂದೆ ಬಹಳ ಹೊತ್ತು ನಿಂತಿದ್ದಳು.

ಆಗ ಅವಳಿಗೆ ಕೈ ಕಲಿಸಿದವಳು ಅವಳಿಗಿಂತ ಒಂದು ಮೇಲಿನ ಮನೆಯವಳು, ಮೇಲ್ಮನೆಯ ಅತ್ತೆ. ನೆಂಟಸ್ತಿಕೆ ಏನೂ ಇರಲಿಲ್ಲ. ಬೀದಿಗೆಲ್ಲ ಅವಳು ಅತ್ತೆ. "ಮೊದಲು ಮುಚ್ಚೋದು, ಆಮೇಲೆ ತೆಗೆಯೋದು. ಹೆದರಿದ ಕೈ ಮೊದಲು ತೆಗೆದುಬಿಡತ್ತೆ ಮಗಳೇ, ಅದಕ್ಕೇ ಸದ್ದಾಗೋದು" ಎಂದು ಅವಳ ಮುಂಗೈ ಹಿಡಿದು ಹಿಡಿಯ ಮೇಲಿಟ್ಟು ತೋರಿಸಿದ್ದಳು. ಅತ್ತೆಯ ತೂಬಿನ ಸದ್ದನ್ನು ಯಾರೂ ಕೇಳಿದ್ದೇ ಇಲ್ಲ. ವಯಸ್ಸಾದಂತೆ ಅದು ಇನ್ನಷ್ಟು ಮೌನವಾಗಿತ್ತು. "ಅತ್ತೆಯ ಮನೆ ಬದಲಾಗೋದು ಹೂವು ಅರಳಿದ ಹಾಗೆ" ಎಂದು ನೀರಗಂಟಿ ಹೇಳುತ್ತಿದ್ದ. ಸೊಸೆಯಂದಿರಿಗೆ ಬೈಯುವವರು ಅತ್ತೆಯ ಹೆಸರು ಹಿಡಿದೇ ಬೈಯುತ್ತಿದ್ದರು.

ನಡುಮನೆಯಾಕೆಗೆ ಆ ಮೌನ ಕಿವಿಗೆ ಚುಚ್ಚುತ್ತಿತ್ತು. ನೀರೆಂದಮೇಲೆ ಸ್ವಲ್ಪವಾದರೂ ಸದ್ದಾಗಬೇಕಲ್ಲ. ಒಂದು ಸಲ, ಮೇಲಿನ ನೀರು ಅಲುಗಿದಾಗ, ಕಣ್ಣಿಗೆ ಸೆರಗು ಎಳೆದುಕೊಂಡವಳು ನೇಯ್ಗೆಯ ಸಂದಿಯಿಂದ ನೋಡಿಬಿಟ್ಟಳು.

ಅತ್ತೆಯ ಮೋರಿಯ ಕಲ್ಲಿನ ಮೇಲೆ ಮಡಿಚಿದ ಗೋಣಿಚೀಲ ಇತ್ತು. ನೀರು ಅದರ ಮೇಲೆ ಬಿದ್ದು ಸದ್ದಿಲ್ಲದೆ ಇಂಗಿ ಹರಿದುಹೋಗುತ್ತಿತ್ತು. ಬಹಳ ಹೊತ್ತು ಹರಿಯುತ್ತಿತ್ತು. ಅತ್ತೆಯ ಮುಂಗೈಗಳು ಊದಿದ್ದವು. ಮೇಲ್ತೂಬನ್ನು ಕೆಳಗೊತ್ತಿ ಮುಚ್ಚಲು ಬೆರಳಲ್ಲಿ ಬಲವಿಲ್ಲದೆ ಅವಳು ಹಿಡಿಯ ಮೇಲೆ ಹಣೆಯೂರಿ, ತನ್ನ ತಲೆಯ ಭಾರವನ್ನೆಲ್ಲ ಅದರ ಮೇಲೆ ಹಾಕುತ್ತಿದ್ದಳು. ನರೆತ ಕೂದಲು ನೀರಿಗೆ ತಾಗುತ್ತಿತ್ತು. ನಡುಮನೆಯಾಕೆಗೆ ಬಟ್ಟೆ ಉಡುತ್ತಿರುವ ಹಿರಿಯರ ಕೋಣೆಗೆ ಬಾಗಿಲು ತಟ್ಟದೆ ಹೋದಂತಾಯಿತು. ಮುಖ ಬಿಸಿಯಾಯಿತು. ಇನ್ನು ನೋಡುವುದಿಲ್ಲ ಅಂದುಕೊಂಡಳು. ಮುಂದಿನ ಸಲವೂ ನೋಡಿದಳು. ಅದರ ಮುಂದಿನ ಸಲವೂ.

ನೋಡುವ ಕೈಗೆ ಒಂದು ತೊಂದರೆ ಇದೆ. ಕಣ್ಣು ಮುಚ್ಚಿದ ಕೈ ಒಂದೇ ಉಸಿರಿಗೆ ಈ ಕಡೆಯಿಂದ ಆ ಕಡೆಗೆ ಹೋಗಿ ಮುಟ್ಟುತ್ತದೆ. ಕಣ್ಣು ಬಿಟ್ಟ ಕೈ ನೋಡಿದ್ದರ ಜೊತೆಗೆ ನಡೆಯುತ್ತದೆ. ಅದು ನಿಂತರೆ ನಿಲ್ಲುತ್ತದೆ.

ಹಾಗೆಯೇ ಆಯಿತು. ಒಂದು ದಿನ ಬದಲು ಇಳಿದು ಬಂತು. ಅತ್ತೆಯ ತುಂಬಿದ ತೊಟ್ಟಿ ಬರಿದಾಗಬೇಕಿತ್ತು, ನಡುಮನೆಯ ಬರಿದು ತೊಟ್ಟಿ ತುಂಬಬೇಕಿತ್ತು. ಅತ್ತೆ ಕೆಳತೂಬು ತೆರೆದಳು. ಮೇಲ್ತೂಬು ಅರ್ಧ ಇಳಿದು ಕಚ್ಚಿಕೊಂಡಿತು. ಬರುವ ನೀರು, ಹೋಗುವ ನೀರು ಒಂದೇ ಸಮನಾಗಿ, ತೊಟ್ಟಿಯ ನೀರು ಇಳಿದು ಇಳಿದು ಗೆರೆಗೆ ಬಂದು ನಿಂತಿತು. ಸೆರಗಿನ ಸಂದಿಯಿಂದ ನಡುಮನೆಯಾಕೆ ಅದನ್ನು ನೋಡಿದಳು. ಅವಳ ಕೈಯೂ ನಿಂತಿತು. ತುಂಬಿದ್ದಕ್ಕೆ ಎದುರು ಬರಿದು. ಬರಿದಿಗೆ ಎದುರು ತುಂಬಿದ್ದು. ಇದಕ್ಕೆ ಎದುರು ಯಾವುದು? ಅವಳ ಎರಡು ತೂಬೂ ಅರ್ಧರ್ಧ ತೆರೆದು ನಿಂತವು, ಅವಳ ನೀರೂ ಏರಿ ಏರಿ ಗೆರೆಗೆ ನಿಂತಿತು. ಅವಳ ಮೋರಿಯ ಮೇಲೆ ಗೋಣಿ ಇರಲಿಲ್ಲ. ಭೋರ್ ಎಂಬ ಸದ್ದು ಬೀದಿಯ ಮೇಲಕ್ಕೂ ಕೆಳಕ್ಕೂ ಹೋಯಿತು. ಗೋಡೆಗೆ ಮುಖ ಮಾಡಿ ನಿಂತವರು ನಿಂತೇ ಇದ್ದರು.

ಕೆಳಮನೆಯ ಹುಡುಗಿ, ಆ ವರ್ಷವೇ ಮದುವೆಯಾಗಿ ಬಂದವಳು, ಕಟ್ಟಳೆಯ ಪ್ರಕಾರ ಕಣ್ಣು ಮುಚ್ಚಿಕೊಂಡು ಒಂದೇ ಏಟಿಗೆ ತನ್ನ ತೊಟ್ಟಿಯನ್ನು ಬರಿದು ಮಾಡಿದಳು. ಕಣ್ಣು ಬಿಟ್ಟು ನೋಡಿದರೆ ಮೇಲಿನ ನೀರು ಗೆರೆಗೇ ನಿಂತು ತುಳುಕುತ್ತಿತ್ತು. ತಪ್ಪಾಯಿತೇನೋ ಎಂದು ಮತ್ತೆ ತುಂಬಿದಳು. ಅಲ್ಲವೇನೋ ಎಂದು ಮತ್ತೆ ಬರಿದು ಮಾಡಿದಳು. ಅವಳು ಮಾಡಿದ್ದೆಲ್ಲ ಬೀದಿಯಿಳಿದು ಕಡವು ಮುಟ್ಟಿತು. ಕೊನೆಗೆ ಅತ್ತೆಯ ಹಣೆಗೆ ಹಿಡಿ ಸೋತು, ಮೇಲ್ತೂಬು ಮುಚ್ಚಿ, ಎಲ್ಲ ತೊಟ್ಟಿಗಳೂ ತಂತಮ್ಮ ಜಾಗಕ್ಕೆ ಬಂದವು. ಸದ್ದು ನಿಂತಿತು. ನಡುಮನೆಯಾಕೆಯ ಕಿವಿಯಲ್ಲಿ ಮಾತ್ರ ನಿಲ್ಲಲಿಲ್ಲ.

ಬೀದಿ ಅವಳ ತೊಟ್ಟಿಯ ಸುತ್ತ ಸೇರಿತು. ಹೊಳೆ ದಾಟುತ್ತಿದ್ದ ಬಳೆಗಾರ್ತಿ ಮಂಡಿಯವರೆಗೆ ಒದ್ದೆಯಾಗಿ ಎಲ್ಲರಿಗಿಂತ ಮುಂದೆ ಬಂದಳು. "ಕಡವಿನಪ್ಪ ಬಾ ಅಂದ. ಅರ್ಧ ಹೊಳೆಗೆ ಬಂದ ಮೇಲೆ ಬೇಡ ಅಂದ. ಹಿಂದಕ್ಕೆ ತಿರುಗಿದೆ, ಬಾ ಬಾ ಅಂದ. ಹೊಳೆ ಮಧ್ಯೆ ನಿಂತು ನಾನೇನು ಕೋಲಾಟ ಆಡ್ಲಾ? ಬಳೆ ಎಲ್ಲ ಹೋಯ್ತು. ಈಗ ಹೊಳೆಯಲ್ಲಿರೋ ಮೀನಿಗೆಲ್ಲ ಬಳೆ!"

ಯಾರೋ ನಕ್ಕರು. ಕಡವಿನವ ನಗಲಿಲ್ಲ. "ಬಳೆಗೇ ಮುಗಿದದ್ದು ಪುಣ್ಯ" ಎಂದ.

ನೀರಗಂಟಿ ನಡುಮನೆಯಾಕೆಯನ್ನು ಕೇಳಿದ. "ನಿನ್ನ ನೀರು ಗೆರೆಗೆ ನಿಂತಿತ್ತಂತೆ, ಹೌದಾ ತಾಯಿ?"

ಅವಳು ಅಂಗೈ ನೋಡಿಕೊಂಡಳು. "ಹೌದು."

"ಮೇಲಿನ ಮನೆಯ ನೀರು?"

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು. ಅವಳ ಹಣೆಯ ಮೇಲೆ ಕೆಂಪಗೆ ಒಂದು ಗುರುತಿತ್ತು. ಕುಂಕುಮ ಹರಡಿರಬೇಕು ಎಂದು ಎಲ್ಲರೂ ಅಂದುಕೊಂಡರು.

"ಅತ್ತೆಯ ಮನೆಯಿಂದ ಸದ್ದೇ ಬರಲಿಲ್ಲವಲ್ಲಪ್ಪ" ಎಂದಿತು ಬೀದಿ.

"ನಾನು ಕಲಿಸಿದ್ದು ಕಲಿಸಿದೆ" ಎಂದಳು ಅತ್ತೆ, ಯಾರನ್ನೂ ನೋಡದೆ. "ಕೈ ಅವಳದು."

ನಡುಮನೆಯಾಕೆಯ ಬಾಯಿಯವರೆಗೆ ಮಾತು ಬಂತು. ಆದರೆ ಅತ್ತೆಯ ನೀರೂ ನಿಂತಿತ್ತು ಎನ್ನಬೇಕಾದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ನಾನು ನೋಡುತ್ತಿದ್ದೆ ಎನ್ನಬೇಕಾಗುತ್ತದೆ. ಸೆರಗು ಹಿಡಿದುಕೊಂಡು, ಎಲ್ಲರಂತೆ ನಿಂತು, ಎಷ್ಟೋ ಕಾಲದಿಂದ ನೋಡುತ್ತಿದ್ದೆ ಎನ್ನಬೇಕಾಗುತ್ತದೆ. ಗೆರೆಗೆ ನಿಂತದ್ದು ಕೈಯ ನಾಚಿಕೆ. ನೋಡಿದ್ದು ಅದಕ್ಕಿಂತ ಒಳಗಿನದು. ಮಾತು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಗೆರೆಗೆ ನಿಂತ ಮನೆಯನ್ನು ಸಾಲಿನಿಂದ ತೆಗೆಯುವುದು ಊರಿನ ಪದ್ಧತಿ. ತೊಟ್ಟಿಯನ್ನು ಒಡೆದು, ಮನೆಯವರನ್ನು ಕಾಲುವೆಯಾಚೆ, ನೀರು ಹತ್ತದ ದಿಬ್ಬಕ್ಕೆ, ಒಣಬೋರೆಗೆ ಕಳಿಸುತ್ತಾರೆ. ಅಲ್ಲಿ ತೊಟ್ಟಿಯಿಲ್ಲ, ನೋಟದ ಕಲ್ಲಿಲ್ಲ. ಅಲ್ಲಿರುವವರನ್ನು ನೋಡಿ ಯಾರೂ ತುಂಬುವುದಿಲ್ಲ, ಯಾರೂ ಬರಿದಾಗುವುದಿಲ್ಲ. ಆದರೆ ಒಂದೇ ಮನೆಯನ್ನು ತೆಗೆಯುವಂತಿಲ್ಲ. ಹಿಂದೆ ಯಾವಾಗಲೋ ಹಾಗೆ ತೆಗೆದಿದ್ದರಂತೆ. ಸಾಲಿನಲ್ಲಿ ಒಂದು ಇಲ್ಲ ಕಡಿಮೆಯಾಗಿ, ಅಲ್ಲಿಂದ ಕೆಳಗೆ ಎಲ್ಲ ಹೌದುಗಳೂ ಇಲ್ಲವಾಗಿ, ಎಲ್ಲ ಇಲ್ಲಗಳೂ ಹೌದಾಗಿ, ದಾಟಬಾರದ ದಿನ ಕಡವಿನ ತೊಟ್ಟಿ ತುಂಬಿ ನಿಂತಿತಂತೆ. ಹೊಳೆ ಒಂದು ಮದುವೆಯ ದಿಬ್ಬಣವನ್ನೇ ಒಯ್ದಿತಂತೆ. ಅಂದಿನಿಂದ ತೆಗೆದರೆ ಜೋಡಿ ಮನೆಗಳನ್ನೇ ತೆಗೆಯುತ್ತಾರೆ. ನಾಚಿಕೆಗೆಟ್ಟ ಮನೆಯೊಂದು, ಅದರ ಮೇಲಿನದೋ ಕೆಳಗಿನದೋ ಇನ್ನೊಂದು. ಯಾವುದು ಎಂದು ತೋರಿಸಬೇಕಾದವಳು ನಾಚಿಕೆಗೆಟ್ಟ ಮನೆಯವಳೇ. ಮುಂದಿನ ಬದಲು ಅವಳ ಮೇಲಿನ ಮನೆಗೆ ಬಂದಾಗ, ಬೀದಿಯೆಲ್ಲ ಕಣ್ಣು ಮುಚ್ಚಿಕೊಂಡಿರುವಾಗ, ಅವಳೂ ಕಣ್ಣು ಮುಚ್ಚಿಕೊಂಡು, ಒದ್ದೆ ಕೈ ಎತ್ತಿ ತೋರಿಸಬೇಕು. ಕಣ್ಣು ಮುಚ್ಚಿ ತೋರಿಸಿದ ಕೈಯಲ್ಲಿ ಹಗೆಯಿರುವುದಿಲ್ಲ ಎಂದು ಊರು ನಂಬಿತ್ತು.

"ಬದಲು ಬರುವವರೆಗೆ ಯೋಚಿಸು ತಾಯಿ" ಎಂದು ನೀರಗಂಟಿ ಏರಿಯ ಕಡೆ ಹತ್ತಿದ.

ಕೆಳಮನೆಯ ಹುಡುಗಿ ಆವತ್ತೇ ಬಂದಳು. ಬಾಗಿಲಲ್ಲಿ ನಿಂತು ಎಂದಿನಂತೆ ತಮಾಷೆಯಿಂದಲೇ ಶುರುಮಾಡಿದಳು. "ಏನಕ್ಕಾ, ನಿನ್ನ ದೆಸೆಯಿಂದ ನನ್ನ ತೋಳು ಬಿದ್ದುಹೋಯ್ತು. ತುಂಬು, ಚೆಲ್ಲು, ತುಂಬು, ಚೆಲ್ಲು. ನಮ್ಮವರು ಬಂದು ಕೇಳ್ತಾರೆ, ಇವತ್ತೇನು ತೊಟ್ಟಿ ತೊಳೆಯೋ ಹಬ್ಬವಾ ಅಂತ."

ನಡುಮನೆಯಾಕೆ ನಗಲು ನೋಡಿದಳು.

ಹುಡುಗಿ ಒಳಗೆ ಬಂದು ಕೂತಳು. ಅವಳ ಗಾಜಿನ ಬಳೆಗಳು ಇನ್ನೂ ಮದುವೆಯವೇ. "ಅಕ್ಕಾ, ಮೇಲೆ ತೋರಿಸು ಅಂತ ನಾನು ಹೇಳಲ್ಲ. ಅತ್ತೆ ದೇವರಂಥವಳು, ನನ್ನ ಬಾಯಲ್ಲಿ ಆ ಮಾತು ಬರಲ್ಲ. ಆದರೆ ನಾನು ಕಣ್ಣು ಮುಚ್ಕೊಂಡಿದ್ದೆ ಕಣಕ್ಕ. ಆಣೆಯಾಗ್ಲೂ. ಹೇಳಿಕೊಟ್ಟ ಹಾಗೇ ಮಾಡಿದೆ. ಆಮೇಲೆ ಕಣ್ಣು ಬಿಟ್ರೆ ನಿನ್ನ ನೀರು ಹಾಗಿತ್ತು. ಅದಕ್ಕೇನು ಮಾಡ್ಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ." ಬಳೆಗಳನ್ನು ಒಂದೊಂದಾಗಿ ತಿರುಗಿಸುತ್ತ, "ಬೋರೆ ಮೇಲಿರೋರು ಒಬ್ಬರನ್ನೊಬ್ಬರು ಏನಂತ ಕರೀತಾರಕ್ಕ? ಮೇಲ್ಮನೆ ಇಲ್ಲ, ಕೆಳಮನೆ ಇಲ್ಲ..." ಎಂದಳು.

"ನೀನೇನೂ ತಪ್ಪು ಮಾಡಿಲ್ಲ" ಎಂದಳು ನಡುಮನೆಯಾಕೆ. ತನಗೆ ಅದು ಎಷ್ಟು ಚೆನ್ನಾಗಿ ಗೊತ್ತು ಎಂಬುದನ್ನು ಹೇಳಲಿಲ್ಲ.

ಅತ್ತೆ ಬಂದದ್ದು ಇನ್ನೊಂದು ದಿನ. ಒಳಗೆ ಬರಲಿಲ್ಲ. ಜಗಲಿಯ ಅಂಚಿನಲ್ಲಿ ಕೂತು, ಕಾಲುವೆಯಲ್ಲಿ ಹೋಗುವ ನೀರನ್ನು ನೋಡುತ್ತ, ಈ ಸಲ ಹೂಳು ಜಾಸ್ತಿ ಎಂದಳು. ಹೌದತ್ತೆ ಎಂದಳು ಇವಳು. ತೂಬಿನ ಹಲಗೆಗಳು ನೀರು ಕುಡಿದು ಉಬ್ಬಿಕೊಂಡಿವೆ ಎಂದಳು ಅತ್ತೆ. ಹೌದತ್ತೆ.

"ನೀನು ಯಾವಾಗಲೂ ಕಣ್ಣು ಮುಚ್ಕೊಂಡೇ ಇರ್ತಿದ್ದೆ, ಅಲ್ವಾ ಮಗಳೇ?"

ನಡುಮನೆಯಾಕೆ ಅಂಗೈ ನೋಡಿಕೊಂಡಳು. ಅತ್ತೆ ಅವಳ ಅಂಗೈಯನ್ನೇ ನೋಡುತ್ತಿದ್ದಳು. ಇಬ್ಬರೂ ಬಹಳ ಹೊತ್ತು ಅದನ್ನೇ ನೋಡಿದರು.

"ಹೌದತ್ತೆ."

"ಒಳ್ಳೇದು" ಎಂದಳು ಅತ್ತೆ. ಏಳಲು ಹೋಗಿ, ಕೈಯೂರಲಾರದೆ, ಮೊಣಕೈಯಿಂದ ಜಗಲಿಯನ್ನು ಒತ್ತಿ ಎದ್ದಳು. "ಕೆಳಮನೆ ಚಿಕ್ಕವಳು ಎಲ್ಲಿ ಹೋದ್ರೂ ಬಾಳ್ತಾಳೆ. ಕೈ ಚುರುಕಿದೆ" ಎಂದು ಬೀದಿಗೆ ಹೇಳುವಂತೆ ಹೇಳಿ ಹೊರಟಳು. ಹೇಳಿದ ಮೇಲೆ ಅವಳ ಬೆನ್ನು ಇನ್ನಷ್ಟು ಬಾಗಿದಂತೆ ಕಂಡಿತು. ತನ್ನ ಮನೆಯ ಮೆಟ್ಟಿಲು ಹತ್ತುವವರೆಗೂ ಅವಳು ತಲೆಯೆತ್ತಲಿಲ್ಲ.

ಬದಲು ಬಂತು.

ನೀರಗಂಟಿ ಮೊದಲ ತೊಟ್ಟಿಯನ್ನು ಮುಟ್ಟಿ, ಏರಿಯಿಂದ ಬೀದಿಗೆ ಇಳಿದ. ಬದಲು ಅವನ ಹಿಂದೆಯೇ ಮನೆ ಮನೆ ಇಳಿಯುತ್ತ ಬಂತು. ತುಂಬಿದ್ದು ಬರಿದಾಯಿತು, ಬರಿದಾದದ್ದು ತುಂಬಿತು, ಒಂದೊಂದು ಮೋರಿಯೂ ಚಿಕ್ಕದಾಗಿ ಕೂಗಿ ಸುಮ್ಮನಾಯಿತು. ಅವನು ನಡುಮನೆಯ ಮುಂದೆ ನಿಂತ. ಬೀದಿ ಅವನ ಸುತ್ತ ನಿಂತಿತು. ಕೆಳಮನೆಯ ಹುಡುಗಿ ತನ್ನ ನೋಟದ ಕಲ್ಲಿನ ಮೇಲೆ ನಿಂತಿದ್ದಳು, ಎಲ್ಲರಿಗಿಂತ ಮೊದಲೇ ಕಣ್ಣು ಮುಚ್ಚಿಕೊಂಡಿದ್ದಳು, ಬಿಗಿಯಾಗಿ. ಹೊಳೆಯ ಅಂಚಿನಲ್ಲಿ ದಾಟುವವರು ಗಂಟುಮೂಟೆ ಹೊತ್ತು ಕಡವಿನವನ ಕೂಗಿಗೆ ಕಾಯುತ್ತಿದ್ದರು.

ನಡುಮನೆಯಾಕೆ ತೊಟ್ಟಿಯಲ್ಲಿ ಕೈ ಅದ್ದಿ ಕಲ್ಲನ್ನು ಹತ್ತಿದಳು. ಮೇಲೆ ಅತ್ತೆಯ ನೀರು ಅಲುಗಿತು. ಬೀದಿಯೆಲ್ಲ ಸೆರಗುಗಳು, ಪಂಚೆಯ ಚುಂಗುಗಳು ಕಣ್ಣಿಗೆ ಬಂದವು. ಅವಳೂ ಸೆರಗು ಎಳೆದುಕೊಂಡಳು, ಈ ಸಲ ನಿಜವಾಗಿ, ಮಡಿಕೆಯ ಮೇಲೆ ಮಡಿಕೆ ಹಾಕಿ. ಕತ್ತಲೆಯಾಯಿತು. ಕತ್ತಲೆಯಲ್ಲಿ ಅವಳ ಕೈ ತಾನಾಗಿಯೇ ಎದ್ದಿತು. ತಾನಾಗಿಯೇ ಕೆಳಮನೆಯ ಕಡೆ ವಾಲತೊಡಗಿತು. ಇಳಿಜಾರಿನ ಊರಿನಲ್ಲಿ ಎಲ್ಲವೂ ಆ ಕಡೆಗೇ ಸುಲಭವಾಗಿ ಹೋಗುತ್ತಿತ್ತು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರೂ ನೋಡುತ್ತಿಲ್ಲ. ತಾನೂ ನೋಡುತ್ತಿಲ್ಲ. ಎಷ್ಟು ಹಗುರ ಇದು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೇ ಕಿವಿಯವರೆಗೂ ನಾಚಿಕೆ ಏರಿತು.

ಅವಳು ಸೆರಗು ಸರಿಸಿದಳು.

ಮೇಲೆ ಅತ್ತೆ ಹಿಡಿಯ ಮೇಲೆ ಇಡೀ ಮೈ ಹಾಕಿ ಬಾಗಿದ್ದಳು. ನೀರು ಗೆರೆಗೆ ನಿಂತಿತ್ತು. ಗೋಣಿಯ ಮೇಲೆ ಸದ್ದಿಲ್ಲದೆ ಬೀಳುತ್ತಿತ್ತು. ಆ ನೀರಿನ ಆಚೆಯಿಂದ ಅತ್ತೆ ತಲೆಯೆತ್ತಿ ನೇರವಾಗಿ ಅವಳನ್ನು ನೋಡಿದಳು. ಕಣ್ಣು ಮುಚ್ಚಿದ ಬೀದಿಯಲ್ಲಿ ಕಣ್ಣು ಬಿಟ್ಟವರು ಅವರಿಬ್ಬರೇ. ಅತ್ತೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಬಾಗಿಲು ತಟ್ಟದೆ ಬಂದವರನ್ನು ಕಂಡು, ಮುಚ್ಚಿಕೊಳ್ಳಲು ಕೈಯಿಲ್ಲದವರ ಮುಖ ಅದು.

ನಡುಮನೆಯಾಕೆಯ ಕೈ ಅರ್ಧದಲ್ಲಿ ನಿಂತಿತ್ತು, ಮೇಲಕ್ಕೂ ಅಲ್ಲ, ಕೆಳಕ್ಕೂ ಅಲ್ಲ.

ಅತ್ತೆಯ ತುಟಿ ಅಲುಗಿತು. ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ, ಇವಳಿಗೆ ಮಾತ್ರ ಕೇಳುವಷ್ಟು.

"ಕಣ್ಣು ಮುಚ್ಕೋ ಮಗಳೇ" ಎಂದಳು. ಮತ್ತೆ, ಮುಂಚಿಗಿಂತ ಮೆಲ್ಲಗೆ, "ಕಣ್ಣು ಮುಚ್ಕೊಳ್ಳೇ..."